ನಾಯಿಯದಲ್ಲದ ಕಲೆ

ಗುತ್ತೆವ್ವನ ಬಗ್ಗೆ ಯಾರಾದರೂ ಮಾತಾಡಿದರೆ ‘ಪಾಪ’ ಎಂದೇ ಶುರು ಮಾಡುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವಳಲ್ಲಿ ಪಾಪ ಅನ್ನುವಂಥದ್ದು ಏನೂ ಇಲ್ಲ. ಅದಕ್ಕೇ ನಾನು ಅವಳು ಕೂರುವ ರೀತಿಯಿಂದ ಶುರು ಮಾಡುತ್ತೇನೆ.

ಒಂದು ಸೋಫಾದ ಕೆಲಸ ಮುಗಿದರೆ ಅವಳು ಸೂಜಿ, ಕತ್ತರಿ, ಸುತ್ತಿಗೆ ಎಲ್ಲ ಪಕ್ಕಕ್ಕಿಡುತ್ತಾಳೆ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾಳೆ. ಆಮೇಲೆ ಒಂದೊಂದು ಸೀಟಿನ ಮೇಲೂ ಬೆನ್ನು ಆನಿಸಿ ಕೂರುತ್ತಾಳೆ. ತುದಿಯಲ್ಲಿ ಅಂಜಿಕೊಂಡು ಕೂರುವುದಲ್ಲ, ಆ ಮನೆಯ ಯಜಮಾನಿ ಕೂತಂತೆ ಕೂರುವುದು. ಸ್ಪ್ರಿಂಗು ಕಿರುಗುಡುತ್ತದೆಯೇ, ಸ್ಪಂಜು ಒಂದು ಕಡೆ ಕುಸಿಯುತ್ತದೆಯೇ, ಹೊಲಿಗೆ ತೊಡೆಗೆ ಒತ್ತುತ್ತದೆಯೇ ಎಲ್ಲ ನೋಡಿಯೇ ಏಳುತ್ತಾಳೆ. ಗಿರಾಕಿಯ ಮನೆಯಲ್ಲಿ ಕೆಲಸ ಮಾಡಿದರೂ ಇದೇ ಪದ್ಧತಿ. ಕೂತು ನೋಡದ ಸೋಫಾವನ್ನು ಅವಳು ಯಾರಿಗೂ ಒಪ್ಪಿಸಿಲ್ಲ.

ಇದನ್ನು ಕಲಿಸಿದವನು ಸವಣೂರಿನ ರಫೀಕ ಉಸ್ತಾದ. ಟ್ರ್ಯಾಕ್ಟರ್ ಸೀಟು, ಬೈಕ್ ಸೀಟು, ಬಸ್ಸಿನ ಸೀಟು ಹೊಲಿಯುವ ಅವನ ಅಂಗಡಿಯಲ್ಲಿ ಗುತ್ತೆವ್ವ ಹರೆಯದಲ್ಲಿ ಕೆಲಸಕ್ಕೆ ಸೇರಿದ್ದಳು. ಮೊದಲ ಸೀಟು ಹೊಲಿದಾಗ ಕೈಯಿಂದ ಒತ್ತಿ ನೋಡಿ ಚಲೋ ಆಗಿದೆ ಅಂದಳಂತೆ. ಉಸ್ತಾದ ನಕ್ಕು, “ಕುಂತ ನೋಡ ಬೇಟಿ. ಕೈ ಸುಳ್ಳ ಹೇಳತೈತಿ, ಕುಂಡಿ ಸುಳ್ಳ ಹೇಳೂದಿಲ್ಲ” ಅಂದನಂತೆ. ಈ ಮಾತನ್ನು ಅವಳು ಈಗಲೂ ದೊಡ್ಡ ದೊಡ್ಡ ಗಿರಾಕಿಗಳ ಮುಂದೆ ಹಂಗೇ ಹೇಳುತ್ತಾಳೆ. ನಾನು ಪಕ್ಕದಲ್ಲಿದ್ದರೆ ನೆಲ ನೋಡುತ್ತೇನೆ.

ಆದರೆ ಆ ಕೂರುವುದರಲ್ಲಿ ಉಸ್ತಾದ ಕಲಿಸಿದ್ದಕ್ಕಿಂತ ಹೆಚ್ಚಿನದೇನೋ ಇದೆ. ಅವಳ ಅಪ್ಪ ಮೈಲಾರಿ ಹಿರೇಕೆರೂರ ಕಡೆಯ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಊರವರ ಕಾಲಲ್ಲೆಲ್ಲ ಅವನದೇ ಚಪ್ಪಲಿ. ಅವನು ಮಾತ್ರ ಅಗಸಿ ಬಾಗಿಲು ದಾಟಿ ಊರೊಳಗೆ ಬರುವಾಗ ತನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದ. ಅಳತೆ ತೆಗೆದುಕೊಳ್ಳಲು ಹೋದ ಮನೆಗಳಲ್ಲಿ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಮಗಳು ಪಕ್ಕದಲ್ಲಿ ನಿಂತಿರುತ್ತಿದ್ದಳು. ಕಟ್ಟೆಯ ಮೇಲೆ ಕೂರಲು ಹೋದರೆ ಅಪ್ಪ ಲಂಗ ಹಿಡಿದು ಎಳೆಯುತ್ತಿದ್ದನಂತೆ.

ಈಗ ಅವಳದೇ ಅಂಗಡಿ ಇದೆ, ಅಕ್ಕಿಆಲೂರಿನಲ್ಲಿ, ಹಾನಗಲ್ ರಸ್ತೆಗೆ ಮುಖ ಮಾಡಿ. ಮಗಳ ಹೆಸರಿನಲ್ಲಿ ‘ಸಮತಾ ಕುಶನ್ ವರ್ಕ್ಸ್’ ಅಂತ ಬೋರ್ಡು. ಒಳಗೆ ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ಸ್ಪಂಜಿನ ಹಾಳೆಗಳು. ಪಕ್ಕದ್ದು ನನ್ನ ಬ್ಲೌಸ್ ಹೊಲಿಯುವ ಅಂಗಡಿ. ಅವಳ ಮಷಿನ್ನು ಓಡಿದರೆ ನನ್ನ ಗೋಡೆ ನಡುಗುತ್ತದೆ. ಅದಕ್ಕೆ ಮೊದಮೊದಲು ಜಗಳವಾಡಿದೆವು, ಆಮೇಲೆ ಊಟದ ಡಬ್ಬಿ ಹಂಚಿಕೊಂಡೆವು. ಕೆಲಸಕ್ಕೆ ಹೊರಗೆ ಹೋಗುವುದಿದ್ದರೆ ಅವಳು ಸಾಮಾನಿನ ಸಮೇತ ನನ್ನ ಸ್ಕೂಟಿ ಹತ್ತುತ್ತಾಳೆ. ಹಾಗಾಗಿ ನಾನು ಮುಂದೆ ಬರೆಯುವುದು ಬಹುಪಾಲು ಕಣ್ಣಾರೆ ಕಂಡದ್ದು.

ಊರಲ್ಲಿ ಪರಮೇಶಪ್ಪನವರದು ಅಕ್ಕಿ ಗಿರಣಿ ಇರುವ ಮನೆತನ. ಅವರ ಸೊಸೆ ಐಶ್ವರ್ಯ ಶಿಗ್ಗಾಂವಿಯ ಹುಡುಗಿ. ತವರಿನಿಂದ ಅವಳ ಜೊತೆಗೆ ಒಂದು ಒರಿಜಿನಲ್ ಲೆದರ್ ಸೋಫಾ ಬಂದಿತ್ತು, ಗುಂಡ್ಯಾ ಅನ್ನುವ ಚಪ್ಪಟೆ ಮೂತಿಯ ನಾಯಿಯೂ ಬಂದಿತ್ತು. ಸೋಫಾದ ತೊಗಲು ಬಿರುಕು ಬಿಟ್ಟಾಗ ಹೊಸ ತೊಗಲು ಹಾಕುವ ಕೆಲಸ ಗುತ್ತೆವ್ವನಿಗೆ ಬಂತು. ನಮ್ಮ ಕಡೆ ಎಲ್ಲರೂ ಹಾಕಿಸುವುದು ರೆಕ್ಸಿನ್. ಖರೆ ತೊಗಲಿನ ಕೆಲಸ ಸಿಕ್ಕಿದ್ದಕ್ಕೆ ಅವಳ ಮುಖ ಅರಳಿತ್ತು. ಅಪ್ಪನ ಕೈಯಲ್ಲಿದ್ದದ್ದು ತನ್ನ ಕೈಗೆ ಬಂತು ಅನ್ನುವ ಹಾಗೆ ಆ ತೊಗಲನ್ನು ಸವರುತ್ತಿದ್ದಳು. ಜೇನಿನ ಬಣ್ಣದ್ದು, ಮೆತ್ತಗಿತ್ತು. ಕೆಲಸ ಮುಗಿದ ಮೇಲೆ ಉಳಿದ ತೊಗಲನ್ನು ಸುರುಳಿ ಸುತ್ತಿ ಅಂಗಡಿಯಲ್ಲಿಟ್ಟಳು. ಕುಶನ್ ಕೆಲಸದವರಲ್ಲಿ ಅದೊಂದು ರಿವಾಜು. ಬಿಚ್ಚಿದ ಹಳೆಯದು, ಮಿಕ್ಕ ಹೊಸದು, ಎರಡೂ ಕೆಲಸದವರದು. ಯಾರೂ ವಾಪಸು ಕೇಳುವುದಿಲ್ಲ.

ಸೋಫಾ ಮನೆಗೆ ಬಂದ ವಾರದಲ್ಲೇ ಗುಂಡ್ಯಾ ಅದರ ಮೂಲೆಯ ಮೇಲೆ ಉಚ್ಚೆ ಹೊಯ್ದ. ಹೊಸ ತೊಗಲಿನ ವಾಸನೆಗೆ ನಾಯಿಗಳು ಹಾಗೆ ಮಾಡುವುದುಂಟಂತೆ. ಐಶ್ವರ್ಯ ಗಾಬರಿಯಾಗಿ ಪಾತ್ರೆ ತಿಕ್ಕುವ ಸೋಪು ಹಚ್ಚಿ ಉಜ್ಜಿ, ಕಲೆಯನ್ನು ಇನ್ನಷ್ಟು ಅಗಲ ಮಾಡಿ, ಫೋನು ಮಾಡಿದಳು. ಹೋದೆವು.

“ಉಜ್ಜಬಾರದ್ರಿ, ಒತ್ತಬೇಕು” ಅಂದಳು ಗುತ್ತೆವ್ವ. ಒಣಗಿದ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಹಸಿ ಎಳೆದಳು. ಬಿಳಿ ವಿನೆಗರ್‌ಗೆ ನೀರು ಬೆರೆಸಿ, ಮೊದಲು ಸೋಫಾದ ಬೆನ್ನಹಿಂದೆ ಯಾರಿಗೂ ಕಾಣದಲ್ಲಿ ಹಚ್ಚಿ ಬಣ್ಣ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಕಲೆಗೆ ಹಚ್ಚಿದಳು. ಜಿಪ್ಪು ತೆಗೆದು ಒಳಗಿನ ಸ್ಪಂಜಿಗೆ ಅಡುಗೆ ಸೋಡಾ ಉದುರಿಸಿದಳು. ತೊಗಲನ್ನು ಬಿಸಿಲಿಗೆ ಒಡ್ಡದೆ ಫ್ಯಾನಿನ ಗಾಳಿಗೆ ಒಣಗಿಸಿ ಕೊನೆಗೆ ಕ್ರೀಮು ತಿಕ್ಕಿದಳು. ಕಲೆ ಹೋಯಿತು, ವಾಸನೆಯೂ ಹೋಯಿತು. ಪದ್ಧತಿಯಂತೆ ಮೂಲೆಯ ಸೀಟಿನಲ್ಲಿ ಕೂತೆದ್ದು, ಆಮೇಲೆ ನಡುವಿನ ಸೀಟಿನಲ್ಲೇ ಕೂತುಕೊಂಡಳು.

ಒಳಬಾಗಿಲಲ್ಲಿ ಪರಮೇಶಪ್ಪನವರ ಹೆಂಡತಿ ಸರೋಜವ್ವ ನಿಂತು ನೋಡುತ್ತಿದ್ದರು. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದಕೈ. ಚಹಾ ಬಂತು. ನಾನು ಅವರ ಪೈಕಿಯೇ, ನನಗೆ ಪಿಂಗಾಣಿ ಕಪ್ಪು. ಗುತ್ತೆವ್ವನಿಗೆ ಕುಡಿದು ಒಗೆಯುವ ಕಾಗದದ ಕಪ್ಪು. ಮುಂಚೆ ಅವಳ ಜಾತಿಯವರಿಗೆಂದು ಹಿತ್ತಲ ಮಾಡಿನಲ್ಲಿ ಬೇರೆ ಬಟ್ಟಲು ಸಿಕ್ಕಿಸಿಡುತ್ತಿದ್ದರು. ಕಾಗದದ ಕಪ್ಪು ಬಂದ ಮೇಲೆ ನಮ್ಮ ಮಂದಿಗೆ ಆ ತ್ರಾಸೂ ತಪ್ಪಿತು. ಗುತ್ತೆವ್ವ ಚಹಾ ಮುಟ್ಟಲಿಲ್ಲ.

ಕೆಲವೇ ದಿನಕ್ಕೆ ಮತ್ತೆ ಫೋನು ಬಂತು. ಈ ಸಲ ಕಲೆ ಬಿದ್ದದ್ದು ನಡುವಿನ ಸೀಟಿಗೆ. “ಗುಂಡ್ಯಾಂದ ಕೆಲಸ” ಅಂದರು ಸರೋಜವ್ವ. ನಾಯಿಯನ್ನು ಹಿತ್ತಲಲ್ಲಿ ಕಟ್ಟಿದ್ದರು, ಅದು ಕುಂಯ್‌ಗುಡುತ್ತಿತ್ತು. ಗುತ್ತೆವ್ವ ಮತ್ತೆ ಎಲ್ಲ ಮಾಡಿದಳು, ಮತ್ತೆ ಕೂತಳು. ಮತ್ತೆ ಕಲೆ ಬಿತ್ತು. ಅಷ್ಟೊತ್ತಿಗೆ ಐಶ್ವರ್ಯ ಬೈಗುಳ ತಾಳಲಾರದೆ ನಾಯಿಯನ್ನು ಶಿಗ್ಗಾಂವಿಯ ತವರಿಗೆ ಕಳಿಸಿಬಿಟ್ಟಿದ್ದಳು. ನಾಯಿ ಮನೆಯಲ್ಲಿ ಇಲ್ಲ, ಕಲೆ ಮಾತ್ರ ಇದೆ, ಮೂಗಿಗೆ ಬಡಿಯುವ ವಾಸನೆಯೂ ಇದೆ.

ನಾಯಿ ಅಲ್ಲ ಅಂದಮೇಲೆ ಇನ್ನು ಯಾರು? ಪರಮೇಶಪ್ಪನವರು ಗಿರಣಿಯ ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು. ತೊಗಲೇ ಸರಿ ಇಲ್ಲ, ಹದ ಮಾಡದ ತೊಗಲು, ಒಳಗಿಂದ ಕೊಳೆತು ನೀರು ಬಿಡುತ್ತಿದೆ, ಗುತ್ತೆವ್ವ ಮೋಸ ಮಾಡಿದಳು. ಗಿರಣಿಗೆ ಭತ್ತ ತಂದ ನಾಲ್ಕೂರಿನ ಮಂದಿ ಕೇಳಿಸಿಕೊಂಡರು. ಸಂತೆಗೆ ಬಂದವರ ಬಾಯಲ್ಲೂ ಅದೇ ಮಾತು.

ಹಾನಗಲ್ಲಿನಲ್ಲಿ ಲಾಡ್ಜ್ ಇಟ್ಟಿರುವ ಸುಭಾಸ ಎಂಬಾತ ಕುರ್ಚಿಗಳ ಕೆಲಸ ಒಪ್ಪಿಸಿದ್ದ. ಅವನು ಫೋನು ಮಾಡಿ, “ಸ್ವಲ್ಪ ತಡೀರಿ ಅಕ್ಕಾರ, ಆಮ್ಯಾಲೆ ನೋಡೋಣು” ಅಂದ. ಯಲವಿಗಿಯಿಂದ ಟ್ರ್ಯಾಕ್ಟರ್ ಸೀಟು ಒಯ್ಯಲು ಬಂದ ದಂಪತಿಯಲ್ಲಿ ಹೆಂಡತಿ ಬಗ್ಗಿ ಸೀಟನ್ನು ಮೂಸಿ ನೋಡಿದಳು. ಅದು ರೆಕ್ಸಿನ್ ಸೀಟು! ಪ್ಲಾಸ್ಟಿಕ್ಕಿನಲ್ಲಿ ತೊಗಲಿನ ವಾಸನೆ ಹುಡುಕುವಷ್ಟು ಊರಿಗೆ ಮೂಗು ಬಂದಿತ್ತು. ನಾನು ನನ್ನ ಅಂಗಡಿಯಿಂದಲೇ ಅವಳಿಗೆ ನಾಲ್ಕು ಮಾತು ಅಂದೆ.

ಅವತ್ತು ಗುತ್ತೆವ್ವ ಊಟದ ಡಬ್ಬಿ ತೆಗೆಯಲೇ ಇಲ್ಲ. “ನಮ್ಮಪ್ಪ ಪ್ಯಾಟಿಗೆ ಬಂದ್ರ ಮಂದಿ ಮೂಗ ಮುಚ್ಚತಿದ್ರು” ಅಂದಳು. “ಕೈ ನಾರತೈತಿ ಅಂತಿದ್ರು. ಅಂವ ಎರಡೆರಡ ಸಲ ಸೋಪ ಹಚ್ಚಿ ಕೈ ತೊಳಕೋತಿದ್ದ. ಈಗ ನನ್ನ ಕೆಲಸ ನಾರತೈತಿ ಅಂತಾರ. ನಾ ಕೈ ತೊಳಕೊಂಡ ಕುಂಡ್ರಾಕಿ ಅಲ್ಲ ಶೈಲಾ. ನಡಿ, ಅಲ್ಲಿಗೇ ಹೋಗೋಣು. ಅದೇನೈತಿ ಅಂತ ನಾನ ನೋಡತೇನಿ.”

ಕರೆಯದೆಯೇ ಹೋದೆವು. ಪರಮೇಶಪ್ಪ ಸಾವ್ಕಾರ್ರು ಊಟ ಮಾಡಿ ಅಡ್ಡಾಗಿದ್ದರು. ಐಶ್ವರ್ಯ ಬಾಗಿಲು ತೆರೆದಳು. ಗುತ್ತೆವ್ವ ನಡುವಿನ ಸೀಟಿನ ಜಿಪ್ಪು ತೆಗೆದು, ತೊಗಲಿನ ಒಳಮೈ ತಿರುವಿ ಬೆಳಕಿಗೆ ಹಿಡಿದಳು. ಅಲ್ಲಿ ಕೊಳೆತದ್ದು ಏನೂ ಇರಲಿಲ್ಲ, ಮೇಲಿಂದ ಇಳಿದ ಹಸಿ ಮಾತ್ರ ಇತ್ತು. ಐಶ್ವರ್ಯಳಿಗೂ ತೋರಿಸಿದಳು. ಮತ್ತೆ ತೊಳೆದಳು, ಒಣಗಿಸಿದಳು, ಕ್ರೀಮು ತಿಕ್ಕಿದಳು. ಮತ್ತೆ ಬೆನ್ನು ಆನಿಸಿ ಕೂತಳು. “ಇನ್ನ ಬಿದ್ರ ನನ್ನ ಕರೀರಿ, ಆದ್ರ ಕಟ್ಟಿ ಮ್ಯಾಲ ಮಾತಾಡಬ್ಯಾಡ್ರಿ” ಅಂದು ಎದ್ದಳು. ಹೊರಗೆ ಬಂದು ಸ್ಕೂಟಿಗೆ ಸಾಮಾನಿನ ಡಬ್ಬ ಕಟ್ಟಿದ ಮೇಲೆ ನೋಡುತ್ತೇನೆ, ಗಾಡಿಯ ಬೀಗದಕೈ ಇಲ್ಲ. ಟೀಪಾಯಿಯ ಮೇಲೇ ಬಿಟ್ಟು ಬಂದಿದ್ದೆ.

ಬಾಗಿಲು ಇನ್ನೂ ಹಾಕಿರಲಿಲ್ಲ. ಒಳಗೆ ಕಾಲಿಟ್ಟರೆ, ಸರೋಜವ್ವ ಸೋಫಾದ ಮುಂದೆ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ತಾಮ್ರದ ತಂಬಿಗೆ, ಬಲಗೈಯಲ್ಲಿ ಮಾವಿನೆಲೆ. ಎಲೆ ಅದ್ದಿ ಅದ್ದಿ ನಡುವಿನ ಸೀಟಿಗೆ ಸಿಂಪಡಿಸುತ್ತಿದ್ದರು, ಗುತ್ತೆವ್ವ ಈಗಷ್ಟೇ ಕೂತು ಎದ್ದ ಜಾಗಕ್ಕೆ ಸರಿಯಾಗಿ. ಹಿತ್ತಲ ಕೊಟ್ಟಿಗೆಯಲ್ಲಿ ಅವರದೇ ಆಕಳು. ತಂಬಿಗೆಯಲ್ಲಿದ್ದದ್ದು ಅದರ ಗಂಜಲ.

ನನ್ನ ಗಂಟಲು ದೊಡ್ಡದು. “ಗುತ್ತೆವ್ವಾ, ಒಳಗ ಬಾ!” ಅಂತ ನಾನು ಕೂಗಿದ್ದು ಬಹುಶಃ ಗಿರಣಿಯವರೆಗೂ ಕೇಳಿಸಿರಬೇಕು. ಸರೋಜವ್ವ ಬೆಚ್ಚಿದರೂ ತಂಬಿಗೆ ಬಚ್ಚಿಡಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಅವರ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ.

“ಯಾಕ ಒದರತೀ ಶೈಲಾ? ಏನಾತೀಗ?” ಅಂದರು.

“ಏನ ಮಾಡಾಕತ್ತೀರಿ ಅತ್ತಿ?”

“ಶುದ್ಧ ಮಾಡಾಕತ್ತೇನಿ. ಆಕಿ ಕುಂತ ಹೋದ ಮ್ಯಾಲ ಪ್ರತಿ ಸಲಾನೂ ಮಾಡೇನಿ. ಪೂಜಿ ಪುನಸ್ಕಾರ ನಡಿಯೂ ಮನಿ ಇದು.”

“ಹಂಗಾದ್ರ ಕಲಿ ನಿಮ್ಮವೇ ಅಲ್ಲೇನ್ರಿ!”

ಸರೋಜವ್ವ ನನ್ನನ್ನು ತಲೆಕೆಟ್ಟವಳ ಹಾಗೆ ನೋಡಿದರು. “ಹುಚ್ಚಿ ಅದಿಯೇನ? ನಾಯಿ ಉಚ್ಚಿ ಕಲಿ ಬೀಳತೈತಿ. ಇದು ಆಕಳದು. ಪವಿತ್ರ ಇದ್ದದ್ದು. ಇದರಿಂದ ಎಲ್ಲೆರ ಕಲಿ ಬೀಳತೈತೇನ?”

ಅವರು ಅದನ್ನು ಖರೆ ಅಂತಲೇ ನಂಬಿದ್ದರು. ಇಷ್ಟು ದಿನ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಾರಣ ಹುಡುಕುತ್ತಿದ್ದಾಗ ಅವರಿಗೆ ಒಮ್ಮೆಯೂ ತಂಬಿಗೆಯ ನೆನಪಾಗಿರಲಿಲ್ಲ. ನಾಯಿಯನ್ನು ಬೈದರು, ತೊಗಲನ್ನು ಬೈದರು, ಹೊಲಿದವಳನ್ನು ಬೈದರು. ಶುದ್ಧ ಮಾಡುವ ವಸ್ತು ನಾರುತ್ತದೆ ಎಂಬ ವಿಚಾರ ಆ ತಲೆಯೊಳಗೆ ಬರಲು ಬಾಗಿಲೇ ಇರಲಿಲ್ಲ.

ಗುತ್ತೆವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವಳು ಅಳುತ್ತಾಳೇನೋ ಅಂದುಕೊಂಡೆ. ಅವಳು ಸೀದಾ ಬಂದು ಆ ಹಸಿ ಸೀಟಿನ ಮೇಲೇ ಕೂತಳು. ಬೆನ್ನು ಆನಿಸಿ ಕೂತಳು.

“ಸಿಂಪಡಸ್ರಿ ಅವ್ವಾರ” ಅಂದಳು. “ತಂಬಿಗ್ಯಾಗ ಇನ್ನೂ ಉಳದೈತೆಲ್ಲ. ನಾ ಎದ್ದ ಹೋಗೂತನಕ ಯಾಕ ಕಾಯ್ತೀರಿ? ಕುಂತಾಗನ ಹಾಕ್ರಿ, ನಾನೂ ನೋಡತೇನಿ.”

“ಏಳ ಮ್ಯಾಲೆ” ಅಂದರು ಸರೋಜವ್ವ.

“ಏಳೂದಿಲ್ಲ.”

“ನನ್ನ ಮನ್ಯಾಗ ನನಗ ಇಲ್ಲ ಅಂತೀಯೇನ?”

“ಮನಿ ನಿಮ್ಮದ್ರಿ, ಕೆಲಸ ನಂದು. ಒಂದ ಮಾತ ಹೇಳ್ರಿ. ಇದು ಸತ್ತ ದನದ ತೊಗಲು. ದಿನಾ ಇದರ ಮ್ಯಾಲ ಕುಂತ ಊಟ ಮಾಡತೀರಿ, ಟೀವಿ ನೋಡತೀರಿ. ತೊಗಲು ಮೈಲಿಗಿ ಅಲ್ಲ, ಹೊಲಿದಾಕಿ ಮೈಲಿಗಿ, ಹೌದಿಲ್ಲೋ?”

ಗದ್ದಲಕ್ಕೆ ಐಶ್ವರ್ಯ ಒಳಗಿಂದ ಓಡಿ ಬಂದಳು, ಪರಮೇಶಪ್ಪನವರೂ ಎದ್ದು ಬಂದರು. ತಂಬಿಗೆ ನೋಡಿದರು, ಸೀಟು ನೋಡಿದರು, ಹೆಂಡತಿಯ ಮುಖ ನೋಡಿದರು. ಜಾಣರು, ಕೇಳದೆಯೇ ತಿಳಿದುಕೊಂಡರು. ಐಶ್ವರ್ಯ ಹಣೆ ಹಿಡಿದುಕೊಂಡು ನಿಂತಿದ್ದವಳು ಫೋನು ತೆಗೆದು ಶಿಗ್ಗಾಂವಿಗೆ ಹಚ್ಚಿದಳು. “ಅವ್ವಾ, ಗುಂಡ್ಯಾನ್ನ ಇವತ್ತ ಕಳಸು. ಪಾಪ, ಅವಂದೇನೂ ತಪ್ಪಿಲ್ಲ. ಸುಮ್‌ಸುಮ್ನ ಬೈದ್ವಿ ಅವಗ” ಅನ್ನುವಾಗ ಅವಳ ಕಣ್ಣಲ್ಲಿ ನೀರೇ ಬಂತು.

ನಾಯಿಗೆ ಅಲ್ಲೇ, ಆ ಗಳಿಗೆಯಲ್ಲೇ ನ್ಯಾಯ ಸಿಕ್ಕಿತು. ಗುತ್ತೆವ್ವ ಫೋನು ಮುಗಿಯುವವರೆಗೂ ಕಾದಳು.

“ನಾಯಿ ಹೊಳ್ಳಿ ಬರತೈತಿ. ನನ್ನ ಹೆಸರು ಯಾವಾಗ ಬರತೈತ್ರಿ ಸಾವ್ಕಾರ್ರ?”

ಪರಮೇಶಪ್ಪನವರು ಕೆಮ್ಮಿದರು. “ಹೋಗಲಿ ಬಿಡು ಗುತ್ತೆವ್ವ. ಆಕಿ ಹಳೇ ಮನಶ್ಯಾಳು, ತಿಳಿಯೂದಿಲ್ಲ. ಇಷ್ಟ ಸಲ ತಗದೀ, ಇದೊಂದ ಸಲ ಕಲಿ ತಗದಬಿಡು. ಹೊರಗ ಮಾತ ಬ್ಯಾಡ.”

“ನಾಯಿ ಉಚ್ಚಿ ಎಷ್ಟ ಸಲ ಆದ್ರೂ ತೆಗಿತೇನ್ರಿ. ಅದಕ್ಕೇನ ಗೊತ್ತು, ಪಾಪ. ಇದನ್ನ ತೆಗಿಯೂದಿಲ್ಲ.”

“ಹಂಗಾರ ನಡುವಿನ ಸೀಟಿನ ತೊಗಲ ಬಿಚ್ಚಿ ಹೊಸಾದ ಹಾಕು. ಕಲಿ ಮಾತ ಮುಗೀತಲ್ಲ.”

ಗುತ್ತೆವ್ವ ಸೀಟಿನ ಹಸಿಯನ್ನು ಬೆರಳಿಂದ ಮುಟ್ಟಿ ನೋಡಿದಳು. “ಆತ್ರಿ” ಅಂದಳು. ಅವಳು ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ನನಗೆ ಅಸಮಾಧಾನವಾಯಿತು. ಅಂಗಡಿಯಲ್ಲಿ ಸುತ್ತಿಟ್ಟ ತೊಗಲು ತಂದೆವು. ಅಲ್ಲೇ, ಆ ಸೋಫಾದ ಮೇಲೇ ಕೂತು ಹಳೆಯ ಹೊಲಿಗೆ ಬಿಚ್ಚಿದಳು, ಹೊಸದನ್ನು ಅಳತೆಗೆ ಕತ್ತರಿಸಿ ಕೈಯಿಂದಲೇ ಹೊಲಿದಳು. ಸರೋಜವ್ವ ಒಳಗೆ ಹೋದವರು ಹೊರಗೆ ಬರಲಿಲ್ಲ. ಮುಗಿದ ಮೇಲೆ ಕೂತು ನೋಡಿದಳು. ಕಲೆಯ ತೊಗಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಬಿಚ್ಚಿದ್ದು ಕೆಲಸದವರದು, ರಿವಾಜು. ಪರಮೇಶಪ್ಪನವರಿಗೆ ಆಗ ಅದರ ಕಡೆ ಲಕ್ಷ್ಯವಿರಲಿಲ್ಲ.

ಸಂತೆಯ ದಿನ ಅವರ ಲಕ್ಷ್ಯಕ್ಕೆ ಬಂತು. ಗುತ್ತೆವ್ವ ಅಂಗಡಿಯ ಮುಂದೆ, ಬೋರ್ಡಿನ ಕೆಳಗೆ, ಆ ತೊಗಲನ್ನು ಎರಡು ಮೊಳೆ ಹೊಡೆದು ತೂಗುಹಾಕಿದ್ದಳು. ಜೇನಿನ ಬಣ್ಣದ ಮೇಲೆ ಕಪ್ಪು ಕಪ್ಪು ಹನಿಗಳು. ಸಂತೆಗೆ ಬಂದವರು ನಿಂತು ಕೇಳಿದರು, “ಇದೇನವ್ವಾ, ಕೊಳತದ್ದಂತಲ್ಲ, ಅದನ?” ಅವಳು ಮಷಿನ್ನಿನಿಂದ ಕಣ್ಣೆತ್ತದೆ, “ಮೂಸಿ ನೋಡ್ರಿ” ಅನ್ನುತ್ತಿದ್ದಳು. ದನ ಕಟ್ಟಿದವರಿಗೆ ಗಂಜಲದ ವಾಸನೆ ಹೇಳಿಕೊಡಬೇಕೇ? ಮೂಸಿದವರು ತಲೆ ಎತ್ತಿ, “ಇದು ಆಕಳದ್ದಲ್ಲೇನ?” ಅನ್ನುತ್ತಿದ್ದರು. “ಹೌದು. ನಾ ಕುಂತ ಜಾಗಾ ತೊಳದದ್ದು.” ಅಷ್ಟೇ ಉತ್ತರ. ಯಾರ ಮನೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕಟ್ಟೆಯ ಮೇಲಿನ ತೀರ್ಪು ಎಲ್ಲರಿಗೂ ನೆನಪಿತ್ತು.

ಕೆಲವರು ನಕ್ಕರು. ಕೆಲವರು ಮುಖ ತಿರುವಿಕೊಂಡು ಹೋದರು. ನಮ್ಮ ಪೈಕಿಯ ಇಬ್ಬರು ಹಿರಿಯರು ನನ್ನ ಅಂಗಡಿಗೆ ಬಂದು, ಆಕೆಗೆ ಬುದ್ಧಿ ಹೇಳು ಅಂದರು. “ಬುದ್ಧಿ ಯಾರಿಗೆ ಬೇಕಾಗೈತೋ ಅವರಿಗೆ ಹೇಳ್ರಿ” ಅಂದೆ. ಅವತ್ತಿನಿಂದ ಅವರ ಮನೆಯ ಬ್ಲೌಸುಗಳು ನನ್ನ ಅಂಗಡಿಗೆ ಬರುವುದು ನಿಂತಿದೆ. ಬರದಿದ್ದರೆ ಬೇಡ.

ಸಂಜೆ ಪರಮೇಶಪ್ಪನವರೇ ಬಂದರು. ಅಂಗಡಿಯ ಮೆಟ್ಟಿಲು ಹತ್ತದೆ ಕೆಳಗೇ ನಿಂತು, “ಅದನ್ನ ಇಳಸಬೇ” ಅಂದರು. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

“ನೀವು ಕಟ್ಟಿ ಮ್ಯಾಲ ಆಡಿದ ಮಾತ ಇಳಸ್ರಿ. ನಾ ಇದನ್ನ ಇಳಸ್ತೇನಿ” ಅಂದಳು ಗುತ್ತೆವ್ವ.

ಅವರು ಹಾಗೇ ಹೋದರು. ಎರಡು ದಿನ ಪ್ರತಿಷ್ಠೆ ಹಿಡಿದು ಕೂತರು. ತೊಗಲು ತೂಗುತ್ತಲೇ ಇತ್ತು. ಆಮೇಲೆ ಒಂದು ಮುಂಜಾನೆ ಗಿರಣಿಯ ಕಟ್ಟೆಯ ಮೇಲೆ, ಭತ್ತದ ಮಂದಿಯ ಮುಂದೆ, “ಗುತ್ತೆವ್ವನ ತೊಗಲು ಚಲೋನ ಇತ್ತು. ತಪ್ಪು ನಮ್ಮ ಮನ್ಯಾಗಿಂದು” ಅಂದರಂತೆ. ಭಾಳ ಸಣ್ಣ ದನಿಯಲ್ಲಿ ಅಂದರಂತೆ, ಆದರೂ ಅಂದರು. ಮಧ್ಯಾಹ್ನಕ್ಕೆಲ್ಲ ಆ ಮಾತು ನಮ್ಮ ಅಂಗಡಿಗೆ ಬಂತು. ಹಾನಗಲ್ಲಿನ ಸುಭಾಸನ ಫೋನೂ ಬಂತು. ಗುತ್ತೆವ್ವ ಮೊಳೆ ಕಿತ್ತು ತೊಗಲನ್ನು ಇಳಿಸಿದಳು. ಒಗೆಯಲಿಲ್ಲ. ತಾನು ಕೂತು ಕೆಲಸ ಮಾಡುವ ಸ್ಟೂಲಿಗೆ ಸ್ಪಂಜು ಇಟ್ಟು, ಅದನ್ನೇ ಎಳೆದು ಕಟ್ಟಿ, ಸುತ್ತ ಪಿನ್ನು ಹೊಡೆದಳು. ಕಲೆಯ ಬದಿ ಮೇಲೆ ಬರುವ ಹಾಗೆ ಹೊಡೆದಳು.

“ತೊಳಿಬಾರದೇನ?” ಅಂದೆ.

“ಇರಲಿ ಬಿಡು. ನನ್ನ ಸಲುವಾಗಿ ಹಾಕಿದ್ದು, ನಾನ ಕುಂಡ್ರತೇನಿ.”

ಮೊನ್ನೆ, ಮಳೆ ನಿಂತು ಹೊರಪಾದ ಒಂದು ಮಧ್ಯಾಹ್ನ, ಐಶ್ವರ್ಯಳ ಫೋನು ಬಂತು. “ಅಕ್ಕಾರ, ಬರತೀರೇನ್ರಿ? ಈ ಸಲ ಖರೇನ ನಾಯಿದು. ನಾನ ಕಣ್ಣಾರೆ ನೋಡೇನಿ.” ಗುತ್ತೆವ್ವ ನಕ್ಕು ಡಬ್ಬ ಎತ್ತಿಕೊಂಡಳು.

ಕಲೆ ಬಿದ್ದದ್ದು ಹೊಸ ತೊಗಲು ಹಾಕಿದ ನಡುವಿನ ಸೀಟಿಗೇ. ಗುಂಡ್ಯಾ ಟೀಪಾಯಿಯ ಕೆಳಗೆ ತಪ್ಪಿತಸ್ಥನಂತೆ ಮಲಗಿದ್ದ. ಗುತ್ತೆವ್ವ ಒತ್ತಿದಳು, ಹಚ್ಚಿದಳು, ಸ್ಪಂಜಿಗೆ ಸೋಡಾ ಉದುರಿಸಿದಳು, ಫ್ಯಾನು ಹಚ್ಚಿ ಒಣಗಿಸಿದಳು, ಕ್ರೀಮು ತಿಕ್ಕಿದಳು. ಐಶ್ವರ್ಯ ಇಬ್ಬರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ ತಂದಿಟ್ಟಳು. ಗುತ್ತೆವ್ವ ಸಾಮಾನು ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಬೆನ್ನು ಆನಿಸಿ ಕೂತಳು. ಚಹಾ ಕೈಗೆತ್ತಿಕೊಂಡಳು. ಅವಸರವೇನೂ ಮಾಡಲಿಲ್ಲ.

ಒಳಬಾಗಿಲಲ್ಲಿ ಸರೋಜವ್ವ ನಿಂತು ನೋಡುತ್ತಿದ್ದರು. ಮುಖ ಮೊದಲಿನ ಹಾಗೇ ಗಂಟು ಹಾಕಿಕೊಂಡಿತ್ತು. ಗುತ್ತೆವ್ವ ಕಪ್ಪಿನ ಮೇಲಿಂದ ಅವರ ಕೈ ನೋಡಿದಳು, ನಾನೂ ನೋಡಿದೆ. ಕೈಯಲ್ಲಿ ತಂಬಿಗೆ ಇರಲಿಲ್ಲ.